ಗೋಧಿ ಆದಮೇಲೆ ರಾಗಿ

ಗೋಕುಲಂನಲ್ಲಿ ಹೋಂಸ್ಟೇ ನಡೆಸುವ ಗೆಳತಿ ಫೋನ್ ಮಾಡಿದಾಗ ನಾನು ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದೆ. ಅಂಟು ಕೈಯಲ್ಲೇ ಫೋನ್ ಒತ್ತಿ ಸ್ಪೀಕರಿಗೆ ಹಾಕಿದೆ.

"ಧಾರವಾಡದಿಂದ ತಾಯಿ, ಮಗಳು ಬರ್ತಿದ್ದಾರೆ ಕಣೇ. ಒಂದಿನ ಪೂರ್ತಿ ನಿನ್ನ ಊಟ ತಿಂಡಿ ಸುತ್ತಾಟ ಬೇಕಂತೆ. ಒಂದೇ ತೊಂದರೆ, ಮಗಳಿಗೆ ಗೋಧಿ ಆಗಲ್ವಂತೆ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ. ಒಂದು ಚೂರು ಹೊಟ್ಟೆಗೆ ಹೋದ್ರೂ ಮೂರ್ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲ್ವಂತೆ. ಆದ್ರೆ ನಮ್ಮೂರಲ್ಲಿ ಗೋಧಿ ಎಲ್ಲಿದೆ ಹೇಳು? ಇಡ್ಲಿ, ದೋಸೆಗೆ ಅಕ್ಕಿ. ಮುದ್ದೆಗೆ ರಾಗಿ. ನಿಂಗೆ ಇದು ಕಣ್ಮುಚ್ಚಿ ಮಾಡೋ ಕೆಲಸ."

ನನಗೂ ಹಾಗೇ ಅನ್ನಿಸಿತು.

ಆಕೆಯ ಮನೆಗೆ ಬಂದವರಿಗೆ ಮೈಸೂರಿನ ಊಟ ತಿಂಡಿಯ ಒಂದು ದಿನವನ್ನು ಹೊಂದಿಸಿಕೊಟ್ಟು, ಜೊತೆಯಲ್ಲಿ ಸುತ್ತುವುದು ನನ್ನ ಕೆಲಸ. ಮನೆಗೆಲಸ ಮುಗಿಸಿ ಮಾಡುವ ಕೆಲಸವಾದರೂ ಇದಕ್ಕೂ ಒಂದು ಕ್ರಮವಿದೆ. ನಾನು ಮೊದಲು ನೋಡಿಕೊಳ್ಳುವುದು ಹೊಟ್ಟೆಯ ಜಾಗ. ಬೆಳಿಗ್ಗೆಯೇ ಹೊಟ್ಟೆ ಬಿರಿಯುವಂತೆ ತಿನ್ನಿಸಿದರೆ ಮಧ್ಯಾಹ್ನದ ಮನೆಯೂಟ ಹಾಳು. ಅದಕ್ಕೆ ದೋಸೆಯನ್ನು ಇಬ್ಬರಿಗೆ ಒಂದು ಎಂದು ಹಂಚಿಸುತ್ತೇನೆ. ಎರಡು ತಿಂಡಿಗಳ ನಡುವೆ ನಡಿಗೆ ಇರಲೇಬೇಕು, ಅದಕ್ಕೆ ಮಾರುಕಟ್ಟೆ. ಕೈ ತೊಳೆಯಲು ನೀರು ಎಲ್ಲಿದೆ, ನೆರಳಿನಲ್ಲಿ ಕೂರಲು ಕಟ್ಟೆ ಎಲ್ಲಿದೆ, ಹೆಂಗಸರು ಮುಜುಗರವಿಲ್ಲದೆ ಹೋಗಬಹುದಾದ ಟಾಯ್ಲೆಟ್ ಎಲ್ಲಿದೆ ಎಂಬುದನ್ನೆಲ್ಲ ಮೊದಲೇ ನೋಡಿಕೊಂಡಿರುತ್ತೇನೆ. ಬಂದವರಿಗೆ ಇದು ಯಾವುದೂ ಕಾಣುವುದಿಲ್ಲ. ಕಾಣಬಾರದು ಕೂಡ.

ಆ ಸಂಜೆ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಇಷ್ಟವೇನು, ಖಾರ ಎಷ್ಟು ಎಂದು ಕೇಳಿಕೊಳ್ಳುವುದು ನನ್ನ ರೂಢಿ. ಆಕೆ ಅದಕ್ಕೆಲ್ಲ ಉತ್ತರ ಕೊಡದೆ ನೇರವಾಗಿ ವಿಷಯಕ್ಕೆ ಬಂದರು.

"ನೋಡ್ರಿ, ನಮ್ಮಕಿ ಪಿಯುಸಿ ಮುಗಿಸ್ಯಾಳ. ನಿಮ್ಮೂರ ಚಿತ್ರಕಲಾ ಕಾಲೇಜಿನ್ಯಾಗ ಸೀಟ್ ಸಿಕ್ಕೈತಿ. ಅಕಿ ಬರಾಕ ಕುಣೀತಾಳ. ನಾ ಇನ್ನೂ ಹೂಂ ಅಂದಿಲ್ರಿ. ಮನ್ಯಾಗಿದ್ರ ಜ್ವಾಳದ ರೊಟ್ಟಿ ಬಡದು ಹಾಕ್ತೀನಿ. ಅಲ್ಲೆ ಯಾರ್ ಹಾಕ್ತಾರ? ಸೀಲಿಯಾಕ್ ಅಂತ ಅದರ ಹೆಸರು. ಹೆಸರು ಹೇಳಿದ್ರ ಮಂದಿ ನಗತಾರ, ಶ್ರೀಮಂತರ ಬ್ಯಾನಿ ಅಂತಾರ."

"ಅಂದ್ರೆ ಈ ಸುತ್ತಾಟ..."

"ಸುತ್ತಾಟ ಅಲ್ರಿ ಇದು. ಒಂದಿನ ನಿಮ್ಮೂರಾಗ ಅಕಿ ಹೊರಗ ಉಂಡು, ಮರುದಿನ ನೆಟ್ಟಗ ಎದ್ಲು ಅಂದ್ರ ನಾ ಫೀ ಕಟ್ಟಿ ಬರ್ತೀನಿ. ಇಲ್ಲಾಂದ್ರ ಅಕಿ ಇಲ್ಲೇ ಬಿ.ಕಾಂ. ಮಾಡ್ಲಿ."

ಅಷ್ಟರಲ್ಲಿ ಫೋನ್ ಕೈ ಬದಲಾಯಿತು. ತೆಳ್ಳಗಿನ, ನಗುವ ದನಿ.

"ಆಂಟಿ, ನೀವು ಒಗ್ಗರಣಿಗೆ ಇಂಗ ಹಾಕ್ತೀರೇನ್ರಿ?"

"ಹಾಕ್ದೆ ಇರ್ತೀವಾ ಪುಟ್ಟ? ಇಂಗಿಲ್ಲದ ಸಾರು ಸಾರೇ ಅಲ್ಲ."

"ಅದ್ರಾಗ ಗೋಧಿ ಹಿಟ್ಟು ಕೂಡಿಸಿರ್ತಾರ್ರಿ."

ನಾನು ಸುಮ್ಮನಾದೆ. "ನೋಡ್ರಿ, ಎಲ್ಲಾರೂ ಹಿಂಗ ಸುಮ್ಮನಾಗ್ತಾರ," ಎಂದು ಹುಡುಗಿ ನಕ್ಕಳು.

ಫೋನ್ ಇಟ್ಟವಳೇ ಇಂಗಿನ ಡಬ್ಬಿಯನ್ನು ದೀಪದ ಕೆಳಗೆ ಹಿಡಿದು ಓದಿದೆ. ಹುಡುಗಿ ಹೇಳಿದ್ದು ನಿಜ. ಮದುವೆಯಾದಾಗಿನಿಂದ ಆ ಡಬ್ಬಿ ನನ್ನ ಒಲೆಯ ಪಕ್ಕದಲ್ಲೇ ಇದೆ.

ಮರುದಿನದಿಂದ ನಾನು ಯಾವಾಗಲೂ ಕರೆದೊಯ್ಯುವ ಜಾಗಗಳಿಗೆ ಒಬ್ಬಳೇ ಹೋಗತೊಡಗಿದೆ. ಮೊದಲು ದೋಸೆ ಹೋಟೆಲು. ಅಡುಗೆಮನೆಯ ಬಾಗಿಲಲ್ಲಿ ನಿಂತು ಭಟ್ಟರನ್ನು ಕೇಳಿದೆ, ದೋಸೆಗೆ ಗೋಧಿ ಏನಾದರೂ ಹಾಕುತ್ತೀರಾ ಎಂದು.

"ಛೆ ಛೆ, ದೋಸೆಗೆ ಗೋಧಿನಾ? ಯಾರಾದ್ರೂ ಹಾಕ್ತಾರಾ ಮೇಡಂ?"

ಸಮಾಧಾನದಿಂದ ತಿರುಗಿದೆ. ತಿರುಗುವಾಗ ಕಣ್ಣಿಗೆ ಬಿತ್ತು: ಅವರು ಮಾತಾಡುತ್ತಲೇ ಪಕ್ಕದ ಚೀಲದಿಂದ ಒಂದು ಬಟ್ಟಲು ತೆಗೆದು ಹಿಟ್ಟಿನ ಪಾತ್ರೆಗೆ ಸುರಿದರು.

"ಅದೇನು ಹಾಕಿದ್ದು?"

"ಇದಾ? ಚಿರೋಟಿ ರವೆ. ಒಂಚೂರು ಬೀಳ್ದೆ ಇದ್ರೆ ಆ ಕೆಂಪು ಬಣ್ಣ ಬರಲ್ಲ."

"ಅದು ಗೋಧಿನೇ ಅಲ್ವಾ?"

"ಅದು ರವೆ ಮೇಡಂ," ಎಂದರು, ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ಹೇಳುವಷ್ಟು ಪ್ರೀತಿಯಿಂದ.

ಚುರುಮುರಿಯವನೂ ಗೋಧಿ ಇಲ್ಲವೆಂದು ತಲೆಯಾಡಿಸಿದ. ಆದರೆ ಅವನು ಪುರಿಯ ಜೊತೆಗೆ ಪುಡಿಮಾಡಿ ಹಾಕುವ ನಿಪ್ಪಟ್ಟಿನಲ್ಲಿ ಮೈದಾ ಇತ್ತು. "ಮೈದಾ ಬೇರೆ, ಗೋಧಿ ಬೇರೆ ಅಲ್ವಾ ಮೇಡಂ?" ಸಿಹಿ ಮಾಡುವವರ ಮೈಸೂರು ಪಾಕಿನಲ್ಲಿ ಇದ್ದದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ ಮಾತ್ರ. ಆದರೆ ಅದನ್ನು ಹರಡುವ ತಟ್ಟೆ, ಕತ್ತರಿಸುವ ಚಾಕು ಎರಡೂ ಅದೇ ಬೆಳಿಗ್ಗೆ ಮೈದಾದ ಬಾದುಷಾ ಕಂಡಿದ್ದವು. ಯಾರೂ ಸುಳ್ಳು ಹೇಳಿರಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಗೋಧಿ ಎಂದರೆ ಚಪಾತಿ, ಅಷ್ಟೇ. ರವೆ, ಮೈದಾ, ಶಾವಿಗೆ ಇವಕ್ಕೆಲ್ಲ ಬೇರೆ ಬೇರೆ ಡಬ್ಬಿ. ಅವೆಲ್ಲ ಒಂದೇ ಕಾಳಿನ ಮಕ್ಕಳು ಎಂದು ಯಾರು ಯೋಚಿಸುತ್ತಾರೆ?

ಮನೆಗೆ ಬಂದು ನಾನು ಬರೆದಿಟ್ಟ ಜಾಗಗಳ ಮೇಲೆ ಒಂದೊಂದಾಗಿ ಗೆರೆ ಎಳೆದೆ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು. "ರಸಬಾಳೆ ಒಂದು ಚಿಪ್ಪು ಕೊಟ್ಟು, ಅರಮನೆ ತೋರಿಸಿ ಕಳಿಸ್ಬಿಡು."

"ತಮಾಷೆ ಮಾಡ್ಬೇಡಿ. ಆ ಹುಡುಗಿ ಬಿ.ಕಾಂ. ಮಾಡ್ಬೇಕಾಗುತ್ತೆ."

"ಬಿ.ಕಾಂ. ಮಾಡಿ ನಾನೇನು ಸತ್ತೋದ್ನಾ?" ಎಂದು ಪೇಪರ್ ಮಡಚಿದರು.

ನಿಜ ಹೇಳಬೇಕೆಂದರೆ ಬೇಡವೆಂದು ತಿಳಿಸಲು ಗೆಳತಿಯ ನಂಬರು ತೆಗೆದಿದ್ದೆ. ಆಗ ನೆನಪಾದವರು ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್. ನಾವು ಕಸೂತಿ ಹಾಕಿದ ಕರವಸ್ತ್ರ ತೋರಿಸಿದರೆ ಅವರು ಹೂವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಗಂಟು, ಹಾದಿ ತಪ್ಪಿದ ದಾರ ಎಲ್ಲ ಅಲ್ಲಿರುತ್ತಿತ್ತು. ನಾನು ಇದುವರೆಗೆ ಕೇಳುತ್ತಿದ್ದದ್ದು ಮುಂಬದಿಯ ಪ್ರಶ್ನೆ. ಗೋಧಿ ಇದೆಯಾ ಎಂದರೆ ಇಲ್ಲ ಎನ್ನುತ್ತಾರೆ. ಅದರ ಬದಲು, ಮೊದಲಿಂದ ಹೇಗೆ ಮಾಡ್ತೀರಿ, ಏನೇನು ಹಾಕ್ತೀರಿ, ಯಾವ ಪಾತ್ರೇಲಿ, ಸ್ವಲ್ಪ ಹೇಳಿ ಎಂದು ಕೇಳಿದರೆ? ನಮ್ಮೂರಿನವರಿಗೆ ಅಡುಗೆ ವಿವರಿಸುವುದೆಂದರೆ ಖುಷಿ. ಎಲ್ಲವನ್ನೂ ಹೇಳುತ್ತಾರೆ.

ಜೊತೆಗೆ ಇನ್ನೊಂದು ತೀರ್ಮಾನ ಮಾಡಿದೆ. ಹುಡುಗಿಗೆ ಬೇರೆ, ಉಳಿದವರಿಗೆ ಬೇರೆ ಎಂಬುದು ಆ ದಿನ ಎಲ್ಲೂ ಇರಬಾರದು. ಅವಳು ತಿನ್ನಬಹುದಾದದ್ದನ್ನೇ ಎಲ್ಲರೂ ತಿನ್ನಬೇಕು. ಜಾಗ ಕಮ್ಮಿಯಾದರೂ ಸರಿ.

ಮತ್ತೆ ಸುತ್ತಿದೆ. ಒಂಟಿಕೊಪ್ಪಲಿನ ನಮ್ಮ ಹಿಂದಿನ ಬೀದಿಯಲ್ಲಿ ಇಡ್ಲಿ, ಚಟ್ನಿ ಬಿಟ್ಟು ಬೇರೇನೂ ಮಾಡದ ಗಂಡ ಹೆಂಡತಿ ಇದ್ದಾರೆ. ಅವರ ಹಬೆ ಪಾತ್ರೆ ರವೆಯನ್ನು ಕಂಡೇ ಇಲ್ಲ. ಆ ದಿನ ಚಟ್ನಿಗೆ ಇಂಗು ಬೇಡ ಎಂದದ್ದಕ್ಕೆ ಒಪ್ಪಿದರು. ಚುರುಮುರಿಯವನು ನಿಪ್ಪಟ್ಟು ಬಿಟ್ಟು, ನಾನು ತರುವ ಪಾತ್ರೆಯಲ್ಲೇ ಕಲಸಿಕೊಡುತ್ತೇನೆ ಎಂದ. ಸಿಹಿಯವರು ಹೊಸ ತಟ್ಟೆಯಲ್ಲಿ ಒಂದು ಪುಟ್ಟ ಪಾಕ ನಮಗಾಗಿಯೇ ತೆಗೆಯುವುದೆಂದಾಯಿತು. ರಾತ್ರಿಗೆ ಪಲಾವು ಮಾಡುವ ಒಂದು ಮನೆ ಸಿಕ್ಕಿತು.

ಇಡೀ ದಿನದ ನಡುಮಧ್ಯೆ ಇದ್ದದ್ದು ಅಕ್ಕನ ಮನೆಯ ಮುದ್ದೆಯೂಟ. ಅಕ್ಕ ಎಂದರೆ ನಮ್ಮ ಬಡಾವಣೆಯಲ್ಲೇ ಇರುವ, ಮಂಡ್ಯದ ಕಡೆ ಹಳ್ಳಿಯಿಂದ ಮದುವೆಯಾಗಿ ಬಂದ ಹೆಂಗಸು. ನಾನು ಕರೆತರುವವರಿಗೆ ತನ್ನ ಮನೆಯಲ್ಲೇ ಎಲೆ ಹಾಕಿ ಬಡಿಸುತ್ತಾಳೆ. ಫೋನಿನಲ್ಲಿ ಹುಡುಗಿ ಎರಡು ಸಲ ಕೇಳಿದ್ದು ಇದನ್ನೇ: "ಮುದ್ದೀನ ಅಗೀದ ನುಂಗತಾರಂತಲ್ರಿ, ಖರೇನ?"

"ಬಸ್ಸಾರಿಗೆ ಇಂಗ್ಯಾಕೆ ಬೇಕು ಕಣ್ರೀ? ಬೆಳ್ಳುಳ್ಳಿ ಒಗ್ಗರಣೆ ಬಿದ್ರೆ ಬೀದಿಯೋರೆಲ್ಲ ಬಂದ್ಬುಡ್ತಾರೆ," ಎಂದಳು ಅಕ್ಕ. ಸೊಪ್ಪು, ಬೇಳೆ ಬೇಯಿಸಿ ನೀರು ಬಸಿಯುವುದರಿಂದ ಹಿಡಿದು ಕಾಯಿ, ಮೆಣಸು, ಜೀರಿಗೆ ರುಬ್ಬುವವರೆಗೆ ಎಲ್ಲ ಹೇಳಿದಳು. ಎಲ್ಲೂ ತೊಂದರೆಯಿರಲಿಲ್ಲ. ಮುದ್ದೆ ತೊಳಸಲು ಹೊಸ ಪಾತ್ರೆ, ಹೊಸ ಕೋಲು ನಾನೇ ತರುತ್ತೇನೆ ಎಂದಾಗ ಮಾತ್ರ ಮುಖ ಸಣ್ಣದು ಮಾಡಿಕೊಂಡಳು.

"ಯಾಕ್ರಮ್ಮಾ, ನಮ್ಮನೆ ಪಾತ್ರೆ ತೊಳ್ದಿಲ್ವಾ?"

"ಹಾಗಲ್ಲ ಅಕ್ಕ, ಮರದ್ದು ಎಷ್ಟು ತೊಳೆದ್ರೂ ಒಳಗೆ ಹಿಡ್ಕೊಂಡಿರುತ್ತಂತೆ."

"ಸರಿ ಬುಡಿ. ಹೊಸ ಕೋಲು ಆಮೇಲೆ ನಂಗೇ ತಾನೆ?" ಎಂದು ನಕ್ಕಳು. "ರಾಗಿ ನಮ್ಮಣ್ಣನ ಹೊಲದ್ದು. ಅವತ್ತು ಬೆಳಿಗ್ಗೆನೇ ಹೊಸ್ದಾಗಿ ಬೀಸಿಸ್ಕೊಂಡ್ ಬತ್ತೀನಿ."

ನಾನು ತಲೆಯಾಡಿಸಿದೆ.

ತಾಯಿ, ಮಗಳು ಬಂದರು. ತಾಯಿ ಇಳಕಲ್ ಸೀರೆಯ, ಗಟ್ಟಿ ಮೈಕಟ್ಟಿನ ಹೆಂಗಸು. ಹುಡುಗಿ ಕಡ್ಡಿಯಂತಿದ್ದಳು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಚಿತ್ರ ಬರೆಯುವ ಪುಸ್ತಕ, ಎರಡಂತಸ್ತಿನ ಸ್ಟೀಲ್ ಡಬ್ಬಿ. ಡಬ್ಬಿಯ ಹಿಡಿ ನುಣ್ಣಗೆ ಸವೆದಿತ್ತು. ಮದುವೆಮನೆಗಳಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕೂತರೆ ತಾನು ಕೊನೆಯ ಮೂಲೆಯಲ್ಲಿ ಈ ಡಬ್ಬಿ ಬಿಚ್ಚುವುದು ಎಂದು ಅವಳು ಆಟೋದಲ್ಲಿ ಸಲೀಸಾಗಿ ಹೇಳಿದಳು, ಬೇರೆ ಯಾರದೋ ಸುದ್ದಿಯೆಂಬಂತೆ.

ಇಡ್ಲಿಯ ಮನೆಯಲ್ಲಿ ತಾಯಿ ತಟ್ಟೆಯನ್ನು ಮೂಗಿನ ಹತ್ತಿರ ತಂದು ನೋಡಿದ ಮೇಲೆಯೇ ಮಗಳಿಗೆ ದಾಟಿಸಿದ್ದು. ಹುಡುಗಿ ಒಂದು ತುಂಡು ಬಾಯಿಗಿಟ್ಟುಕೊಂಡು ಸುಮ್ಮನೆ ಕೂತಳು. ಮೈ ಏನು ಹೇಳುತ್ತದೋ ಎಂದು ಕಿವಿಗೊಟ್ಟವಳಂತೆ. ಆಮೇಲೆ ತಟ್ಟೆ ಖಾಲಿ ಮಾಡಿ ಇನ್ನೊಂದು ಜೊತೆ ಕೇಳಿದಳು. ಮಾರುಕಟ್ಟೆಯಲ್ಲಿ ವೀಳ್ಯದೆಲೆಯ ಕಟ್ಟುಗಳ ಮುಂದೆ ನಿಂತು ಚಿತ್ರ ಬರೆದಳು. ಅವಳ ಚಿತ್ರ ಮುಗಿಯುವವರೆಗೆ ಎಲೆಯಾಕೆ ಗಿರಾಕಿಗೆ ಕಟ್ಟು ಕೊಡದೆ ತಡೆದಳು. ಚುರುಮುರಿಯವನು ನನ್ನ ಸ್ಟೀಲ್ ಪಾತ್ರೆ ನೋಡಿ, "ಏನ್ ಮೇಡಂ, ನಮ್ ಡಬರಿ ಮೇಲೆ ಮುನಿಸಾ?" ಎಂದವನೇ ಕೈಯನ್ನು ಎರಡು ಸಲ ತೊಳೆದು, ಮಾವಿನಕಾಯಿ ತುರಿ ಕೈತುಂಬ ಹಾಕಿ ಕಲಸಿದ. ನಾಲ್ಕು ಕೈ ಒಂದೇ ಪಾತ್ರೆಗೆ ಇಳಿದವು. ಅಷ್ಟುಹೊತ್ತಿಗೆ ಗೆಳತಿಯೂ ಬಂದು ಸೇರಿಕೊಂಡಿದ್ದಳು.

ಅಕ್ಕನ ಮನೆಯ ಮುಂದೆ ಆಟೋ ಇಳಿಯುವಾಗ ಹುಡುಗಿ ಡಬ್ಬಿ ತೆಗೆದು ತಾಯಿಯ ಕೈಗೆ ಕೊಟ್ಟಳು. "ಇದು ನಿನ್ನ ಕಡೆ ಇರ್ಲಿ ಅವ್ವಾ." ತಾಯಿ ಡಬ್ಬಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನಡುಮನೆಯಲ್ಲಿ ನಾಲ್ಕು ಎಲೆ ಸಾಲಾಗಿ ಹಾಕಿತ್ತು. ಅವರನ್ನು ಕೂರಿಸಿ ನಾನು ಅಡುಗೆಮನೆಗೆ ಹೋದೆ. ಹೊಸ ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು, ಹೊಸ ಕೋಲು ಗೋಡೆಗೆ ಒರಗಿತ್ತು. ಬಸ್ಸಾರಿನ ಪಾತ್ರೆಯ ಮೇಲೆ ಮುಚ್ಚಳ. ಅಕ್ಕ ಆ ಕಡೆಯ ಕಟ್ಟೆಯ ಮೇಲೆ ಹಿಟ್ಟಿನ ಚೀಲವನ್ನು ಅಗಲವಾದ ತಟ್ಟೆಗೆ ಬೋರಲು ಹಾಕಿದಳು. ಕಂದು ಹಿಟ್ಟು ಗುಡ್ಡೆಯಾಗಿ ಜಾರಿತು. ಚೀಲದ ತಳದಲ್ಲಿದ್ದ ಹಿಟ್ಟು ಈಗ ಮೇಲೆ ಬಂದಿತ್ತು, ಅದು ಅಂಗೈಯಗಲ ಬಿಳಿಚಿಕೊಂಡಿತ್ತು.

ಕಿಟಕಿಯ ಬೆಳಕಿರಬೇಕು ಎಂದು ತಟ್ಟೆಯನ್ನು ಸ್ವಲ್ಪ ಸರಿಸಿದೆ. ಬಿಳುಪು ತಟ್ಟೆಯ ಜೊತೆಗೇ ಸರಿಯಿತು.

"ಅಕ್ಕ, ಇಲ್ಯಾಕೆ ಬೆಳ್ಳಗಿದೆ?"

"ಅದಾ? ಮಿಲ್ಲಲ್ಲಿ ಮೊದ್ಲು ಉದುರಿದ್ದು. ನಮಗಿಂತ ಮುಂಚೆ ಯಾರ್ದೋ ಗೋಧಿ ಹಾಕಿದ್ರು, ಅದ್ರುದ್ದು ಒಂಚೂರು," ಎಂದಳು ಸಹಜವಾಗಿ. ಹೇಳಿ ಮುಗಿಸುವಷ್ಟರಲ್ಲಿ ಅವಳ ಕೈ ನಿಂತಿತು.

ನಮ್ಮೂರಿನ ಯಾವ ಹಿಟ್ಟಿನ ಮಿಲ್ಲಿಗೆ ಹೋದರೂ ಇದೇ ಕ್ರಮ. ಗೋಧಿಯವರು ಮೊದಲು, ರಾಗಿಯವರು ಆಮೇಲೆ. ರಾಗಿ ಆದಮೇಲೆ ಗೋಧಿ ಹಾಕಿದರೆ ಚಪಾತಿ ಕಪ್ಪಾಗುತ್ತದೆ ಎಂದು ಜಗಳಗಳೇ ಆಗಿವೆ. ನಾನೂ ಎಷ್ಟೋ ಸಲ ಸರತಿಯಲ್ಲಿ ನಿಂತು, "ಸ್ವಲ್ಪ ನಮ್ಮ ಗೋಧಿ ಮೊದಲು ಹಾಕಿಬಿಡಿ," ಎಂದವಳೇ. ರಾಗಿ ಗೋಧಿಯನ್ನು ಕೆಡಿಸುತ್ತದೆ ಎಂದೇ ನಮ್ಮೆಲ್ಲರ ಚಿಂತೆ. ಗೋಧಿಯೂ ರಾಗಿಯನ್ನು ಕೆಡಿಸಬಹುದು ಎಂದು ಯಾರ ತಲೆಗೂ ಬಂದಿಲ್ಲ. ಪಾತ್ರೆ ಹೊಸದು ಕೊಂಡೆ, ಕೋಲು ಹೊಸದು ಕೊಂಡೆ. ಊರೆಲ್ಲ ಹಿಂಬದಿ ತಿರುಗಿಸಿ ನೋಡಿದವಳು ಹಿಟ್ಟು ಎಲ್ಲಿ ಬೀಸಿಸುವುದೆಂದೇ ಕೇಳಿರಲಿಲ್ಲ.

"ಬೆಳ್ಳಗಿರೋದು ತೆಗ್ದಾಕ್ಬುಡ್ಲಾ?" ಅಕ್ಕ ಪಿಸುಗುಟ್ಟಿದಳು.

ತೆಗೆದರೆ ಕಾಣುವುದು ಹೋಗುತ್ತದೆ, ಕಾಣದಿರುವುದು ಉಳಿಯುತ್ತದೆ. ಬೇಡ ಎಂದೆ. ಅಕ್ಕ ತಟ್ಟೆಗೆ ಬಟ್ಟೆ ಮುಚ್ಚಿ ಹಿತ್ತಲಿಗೆ ಸಾಗಿಸಿದಳು, ಕೈ ತೊಳೆದು ಕಟ್ಟೆ ಒರೆಸತೊಡಗಿದಳು. ನಾನು ನಡುಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ತಾಯಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. "ಬಿಡ್ರಿ. ನೀವಾದ್ರೂ ಹೇಳಿದ್ರಿ," ಎಂದರು. "ನೀವೆಲ್ಲ ಮುದ್ದಿ ಉಣ್ರಿ. ಅಕಿಗೆ ಡಬ್ಬಿ ರೂಢಿ ಐತಿ." ಸ್ಟೀಲ್ ಡಬ್ಬಿ ಹೊರಬಂತು.

"ನಡೀತೈತಿ ಆಂಟಿ," ಎಂದು ಹುಡುಗಿ ನಕ್ಕಳು. ನಗುತ್ತಲೇ, ಯಾರೂ ಹೇಳದೆಯೇ, ತನ್ನ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಸಾಲಿನಿಂದ ಆಚೆಗೆ ಎಳೆದುಕೊಂಡಳು. ಬೇರೆಯವರ ಎಲೆಯಿಂದ ಏನೂ ಸಿಡಿಯದಷ್ಟು ದೂರಕ್ಕೆ. ಆ ದೂರ ಅವಳ ಕೈಗೆ ಗೊತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಅದನ್ನು ನೋಡಿದಳು.

"ಅದ್ಯಾಕವ್ವ ಎಲೆ ಅತ್ಲಾಗೆ ಎಳ್ಕೊಂಡೆ? ನನ್ನ ಮನೇಲಿ ಯಾರೂ ಅಂಗೆ ಬ್ಯಾರೆ ಕೂರಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಮಂಚದ ಕೆಳಗೆ ಬೀಸೋ ಕಲ್ಲೈತೆ. ಮಗಳ ಮದ್ವೇಲಿ ಅರಿಶಿನದ ಶಾಸ್ತ್ರಕ್ಕೆ ತೆಗ್ದಿದ್ದು. ನಮ್ಮತ್ತೆ ಕಾಲದಿಂದ ಅದ್ರಾಗೆ ರಾಗಿ, ಅರಿಶಿನ ಬಿಟ್ರೆ ಗೋಧಿ ಬಿದ್ದಿಲ್ಲ. ರಾಗಿ ಕಾಳು ಡಬ್ಬಿ ತುಂಬ ಐತೆ. ಆದ್ರೆ ಇಷ್ಟು ಜನಕ್ಕೆ ಬೀಸೋದಂದ್ರೆ ಹೊತ್ತಾಯ್ತದೆ ಕಣ್ರೀ. ನಿಮ್ಮ ಟೈಂಟೇಬಲ್ ಏನ್ ಮಾಡ್ತೀರಾ?"

ಗೆಳತಿ ನನ್ನ ಮೊಣಕೈ ಮುಟ್ಟಿದಳು. "ಅನ್ನ, ಬಸ್ಸಾರು ತಿಂದ್ರೆ ಆಗಲ್ವೇನೇ? ಅರ್ಧ ದಿನ ಹೋಗ್ಬಿಡುತ್ತೆ."

ಆಗುತ್ತಿತ್ತು. ಅನ್ನ ತಿಂದು ಹೊತ್ತಿಗೆ ಸರಿಯಾಗಿ ಹೊರಟು ಉಳಿದೆರಡೂ ಕಡೆ ಹೋಗಿ ಬರಬಹುದಿತ್ತು. ನಾನು ಸಾಲಿನಿಂದ ಆಚೆ ಇದ್ದ ಆ ಎಲೆಯನ್ನು ನೋಡಿದೆ. ಹಿತ್ತಲಿಗೆ ಹೋಗಿ ಎರಡು ಫೋನ್ ಮಾಡಿದೆ. ಪಲಾವಿನವರು ಪರವಾಗಿಲ್ಲ ಎಂದರು. ಸಿಹಿಯವರು ಮಾತ್ರ ನೊಂದುಕೊಂಡರು. ಹೊಸ ತಟ್ಟೆಗೆ ತುಪ್ಪ ಸವರಿ ಕಾಯುತ್ತಿದ್ದರಂತೆ. ಅವರ ಕ್ಷಮೆ ಕೇಳಿ ಒಳಗೆ ಬಂದು, "ಕಲ್ಲು ತೆಗೀರಿ ಅಕ್ಕ," ಎಂದೆ.

ಕಲ್ಲನ್ನು ಎಳೆದು ತಂದೆವು. ತೊಳೆದು, ಒರೆಸಿ, ಬಿಸಿಲಿಗಿಟ್ಟು ಒಣಗಿಸಿ ಮೊದಲು ಎರಡು ಹಿಡಿ ಅಕ್ಕಿ ಬೀಸಿ ಚೆಲ್ಲಿದೆವು. ಅದು ತಿಳಿ ಹಳದಿಯಾಗಿ ಬಂತು, ಮದುವೆಮನೆಯ ವಾಸನೆ ಹೊತ್ತು. ಆಮೇಲೆ ರಾಗಿ. ಜರಡಿ ಹಿಡಿಯುವಂತಿರಲಿಲ್ಲ, ಅಕ್ಕನ ಮನೆಯ ಜರಡಿ ದಿನಾ ಗೋಧಿ ಹಿಟ್ಟು ಕಾಣುವಂಥದು. ಕೈ ಒರೆಸಿಕೊಳ್ಳಲೆಂದು ನಾನು ತಂದಿದ್ದ ಹೊಸ ತೆಳು ಪಂಚೆಯನ್ನು ಒಂದು ಬೇಸಿನ್ ಮೇಲೆ ಬಿಗಿಯಾಗಿ ಕಟ್ಟಿದೆವು.

ನಾನು ಗೂಟ ಹಿಡಿದು ತಿರುಗಿಸಿದರೆ ಕಲ್ಲು ಕುಂಟಿತು. ಎದುರು ಕೂತ ಅಕ್ಕ ನಕ್ಕಳು. "ಕಾಪಿ ಕಲಕ್ದಂಗೆ ಕಲಕ್ತೀರಲ್ರಮ್ಮಾ."

ಆಗ ತಾಯಿ ಎದ್ದರು. ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಇಳಕಲ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಸರೀರಿ," ಎಂದು ನನ್ನನ್ನು ಎಬ್ಬಿಸಿ ಕೂತರು. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ. ಕಲ್ಲು ಒಂದೇ ಸಮನೆ ಗುರುಗುಟ್ಟತೊಡಗಿತು.

"ನೀವು ಬೀಸಿದ್ದೀರಾ?" ಅಕ್ಕನ ಕಣ್ಣು ಅಗಲವಾಯಿತು.

"ತವರಮನ್ಯಾಗ ಜ್ವಾಳ ಯಾರ್ ಬೀಸ್ತಿದ್ರು ಅಂತೀರಿ? ನೀವು ಅಷ್ಟ್ ಕಾಳ್ ಒಮ್ಮೆಗೇ ಸುರೀಬ್ಯಾಡ್ರಿ, ಹಿಟ್ಟು ತರಿ ಬರ್ತೈತಿ."

"ತರಿ ಇರ್ಬೇಕು ಕಣಕ್ಕ. ತರಿ ಇದ್ರೇನೆ ಮುದ್ದೆ."

"ನಮ್ಮ ಕಡೆ ಹಂಗಿಲ್ಲವ್ವಾ."

"ನಿಮ್ಮ ಕಡೆ ಮುದ್ದೆನೇ ಇಲ್ವಲ್ಲ!"

ಇಬ್ಬರೂ ನಕ್ಕರು. ಬೆಳಗಿನಿಂದ ತಟ್ಟೆ, ಲೋಟ, ಸೌಟು ಎಲ್ಲವನ್ನೂ ಅನುಮಾನದಿಂದ ನೋಡುತ್ತಿದ್ದ ಆ ಹೆಂಗಸು ಈಗ ನೋಡುವುದನ್ನು ಬಿಟ್ಟಿದ್ದರು. ಕಾಳು ಯಾವುದು, ಕಲ್ಲು ಯಾವುದು ಎಂದು ಅವರ ಕೈಗೇ ಗೊತ್ತಾಗುತ್ತಿತ್ತು. ಹುಡುಗಿ ಬಾಗಿಲ ಬಳಿ ಕೂತು ಎರಡು ಜೊತೆ ಕೈ, ಒಂದು ಗೂಟ ಬರೆದಳು. ಗೆಳತಿ ಪಂಚೆಯಲ್ಲಿ ಹಿಟ್ಟು ಸೋಸುತ್ತಾ ಸೀನಿದಳು. ನಾನು ಎಸರಿಗೆ ಮತ್ತೆ ನೀರಿಟ್ಟೆ.

ಮುದ್ದೆ ಇಳಿಯುವ ಹೊತ್ತಿಗೆ ಗೋಡೆಯ ಬಿಸಿಲು ತಿರುಗಿಹೋಗಿತ್ತು. ತಾಜಾ ಬೀಸಿದ ರಾಗಿಯ ಮುದ್ದೆ ಬೇಯಲು ಹೆಚ್ಚು ಹೊತ್ತು ಬೇಕು. ಅಕ್ಕ ಕೋಲು ಊರಿ, ಪಾತ್ರೆಯನ್ನು ಕಾಲಲ್ಲಿ ಹಿಡಿದು ತೊಳಸಿ ತೊಳಸಿ ಬೆವೆತಳು. ಬಡಿಸಲು ಬಂದವಳು ಮೊದಲು ಮಾಡಿದ್ದು ಬಗ್ಗಿ ಹುಡುಗಿಯ ಎಲೆಯನ್ನು ಹಿಡಿದು ಸಾಲಿನೊಳಕ್ಕೆ ಎಳೆದದ್ದು. ಪಕ್ಕದ ನನ್ನ ಎಲೆಗೆ ಅದು ತಾಗಿ ನಿಂತಿತು. ಆಮೇಲೆ ಮುದ್ದೆ, ನಡುವೆ ಗುಳಿ ಮಾಡಿ ತುಪ್ಪ, ಸುತ್ತ ಬಸ್ಸಾರು, ಪಕ್ಕಕ್ಕೆ ಸೊಪ್ಪಿನ ಪಲ್ಯ.

"ಅಗೀಬ್ಯಾಡ ಕಣವ್ವ, ನುಂಗು. ಅಯ್ಯೋ, ಮತ್ತೆ ಅಗೀತಾವ್ಳೆ!"

"ಗಂಟಲಾಗ ಸಿಕ್ಕೊಂತೈತ್ರಿ!"

"ಸಿಕ್ಕಲ್ಲ. ಸಾರಲ್ಲಿ ಅದ್ದು. ನಿಮ್ಮಮ್ಮನ್ನ ನೋಡು, ಎಂಗೆ ಇಳಿಸ್ತಾವ್ರೆ."

ತಾಯಿ ತಲೆಯೆತ್ತಲಿಲ್ಲ. ಅವರು ಎರಡನೆಯ ಮುದ್ದೆಯಲ್ಲಿದ್ದರು. ಡಬ್ಬಿ ಕಿಟಕಿಯ ಮೇಲೆಯೇ ಇತ್ತು. ಹೊರಡುವಾಗ ಅದನ್ನು ಮರೆತು, ಆಟೋ ತಿರುಗಿಸಿ ಬಂದು ತೆಗೆದುಕೊಂಡರು.

ಆ ಸಂಜೆಗೆ ಏನೂ ಉಳಿದಿರಲಿಲ್ಲ. ಸಿಹಿ ಇಲ್ಲ, ಪಲಾವು ಇಲ್ಲ. ನಾನು ಹೊಂದಿಸಿದ ದಿನಗಳಲ್ಲೆಲ್ಲ ಅತಿ ಕಮ್ಮಿ ಜಾಗ ಕಂಡ ದಿನ ಅದೇ. ಅವರನ್ನು ಗೋಕುಲಂಗೆ ಬಿಟ್ಟು ಮನೆಗೆ ಬಂದರೆ ಯಜಮಾನರು, "ಹೇಗಾಯ್ತು?" ಎಂದರು. "ಬೆಳಿಗ್ಗೆ ಗೊತ್ತಾಗುತ್ತೆ," ಎಂದೆ. ಅವರು ತಮಾಷೆ ಮಾಡಲಿಲ್ಲ.

ಮರುದಿನ ಹಾಲು ಕಾಯಿಸಲಿಟ್ಟಾಗ ಫೋನ್ ಬಂತು. ತಾಯಿಯದು. ತೆಗೆಯುವ ಮೊದಲು ಒಲೆ ಆರಿಸಿದೆ. ಹಾಲು ಉಕ್ಕಿದರೆ ಗಮನವಿರುವುದಿಲ್ಲ ಎಂದು ನನಗೇ ಗೊತ್ತಿತ್ತು.

"ಎದ್ದಾಳ್ರಿ," ಎಂದರು.

"ಹೇಗಿದ್ದಾಳೆ?"

"ಹಸಿವು ಅಂತಾಳ." ದನಿಯಲ್ಲಿ ನಗುವಿತ್ತೋ ಅಳುವಿತ್ತೋ ತಿಳಿಯಲಿಲ್ಲ. "ಆ ಇಡ್ಲಿ ಅಂಗಡಿ ಎಷ್ಟೊತ್ತಿಗೆ ತೆಗೀತಾರ್ರಿ? ಅಲ್ಲೆ ತಿಂದು ಹಂಗ ಕಾಲೇಜಿಗೆ ಹೋಗೂಣು ಅಂತೀವಿ."

"ಕಾಲೇಜಿನ ಆಫೀಸು ಬಾಗಿಲು ತೆಗೆಯೋದಕ್ಕಿಂತ ಎಷ್ಟೋ ಮುಂಚೆ," ಎಂದೆ. ಆಮೇಲೆ ಮತ್ತೆ ಒಲೆ ಹೊತ್ತಿಸಿದೆ.